ಕಳೆದುಹೋದ ಸರ, ಆಡದೆ ಉಳಿದ ಮಾತು

ಫ್ರಾನ್ಸಿನ ಕಥೆಗಾರ ಮೊಪಾಸಾ 1884ರಲ್ಲಿ ಪ್ರಕಟಿಸಿದ ವಜ್ರದ ಸರದ ಕಥೆಯನ್ನು ನಮ್ಮಲ್ಲಿ ಅನೇಕರು ಎಲ್ಲೋ ಒಂದು ಕಡೆ ಓದಿದ್ದೇವೆ. ಅಮೆರಿಕದ ಹೈಸ್ಕೂಲುಗಳಲ್ಲೂ ಅದು ಪಾಠವಾಗಿ ಬರುವುದರಿಂದ, ಮಕ್ಕಳ ಹೋಂವರ್ಕಿನ ನೆಪದಲ್ಲಿ ಮತ್ತೊಮ್ಮೆ ಓದುವಂತಾಗುತ್ತದೆ. ಹರೆಯದಲ್ಲಿ ಕೊನೆಯ ತಿರುವಿಗೆ ಬೆರಗಾಗಿದ್ದೆವು. ಐವತ್ತು ದಾಟಿದ ಮೇಲೆ ಓದಿದರೆ ಮುಳ್ಳು ಬೇರೆ ಜಾಗದಲ್ಲಿ ಚುಚ್ಚುತ್ತದೆ.

ಕಥೆ ಇಷ್ಟೇ. ಮಟಿಲ್ಡ್ ಸರ್ಕಾರಿ ಗುಮಾಸ್ತನೊಬ್ಬನ ಚೆಲುವೆ ಹೆಂಡತಿ. ಊಟ ಬಟ್ಟೆಗೆ ಕೊರತೆಯಿಲ್ಲ. ಆದರೆ ತಾನು ಸಿರಿವಂತರ ಮನೆಯಲ್ಲಿ ಇರಬೇಕಾದವಳೆಂಬ ಕೊರಗು. ಮಂತ್ರಿಗಳ ಔತಣಕ್ಕೆ ಕರೆ ಬಂದಾಗ, ಗಂಡ ಬಂದೂಕು ಕೊಳ್ಳಲು ಕೂಡಿಟ್ಟಿದ್ದ 400 ಫ್ರಾಂಕ್ ಅವಳ ಉಡುಪಿಗೆ ಹೋಗುತ್ತದೆ. ಶಾಲೆಯ ಸಿರಿವಂತ ಗೆಳತಿಯಿಂದ ಸರವೊಂದನ್ನು ಕಡ ತರುತ್ತಾಳೆ. ಅದೇ ರಾತ್ರಿ ಅದು ಕಳೆದುಹೋಗುತ್ತದೆ. ಅಂಥದೇ ಸರವನ್ನು 36,000 ಫ್ರಾಂಕಿಗೆ ಕೊಂಡು, ಗುಟ್ಟಾಗಿ ಹಿಂದಿರುಗಿಸಿ, ದಂಪತಿಗಳು ಹತ್ತು ವರ್ಷ ದುಡಿದು ಸಾಲ ತೀರಿಸುತ್ತಾರೆ. ಕಳೆದ ಸರ ನಕಲಿಯೆಂದೂ, ಅದರ ಬೆಲೆ ಹೆಚ್ಚೆಂದರೆ 500 ಫ್ರಾಂಕೆಂದೂ ಕೊನೆಗೆ ತಿಳಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹೇಳಿ ನಾವು ಪಾಠ ಮುಗಿಸಿಬಿಡುತ್ತೇವೆ. ಆದರೆ ರೋಗನಿದಾನ ಅಷ್ಟು ಸುಲಭವೇ? ಅವಳ ಆಸೆಗೆ ಖರ್ಚಾದದ್ದು 400 ಫ್ರಾಂಕ್ ಮಾತ್ರ. ಉಳಿದ 36,000 ಫ್ರಾಂಕ್ ಆಡದೆ ಉಳಿದ ಒಂದು ಮಾತಿನ ಬೆಲೆ. ಕೊಕ್ಕೆ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆಂದು ಗೆಳತಿಗೆ ಸುಳ್ಳು ಕಾಗದ ಬರೆಸಿದವನು ಆ ಸಾಧು ಗಂಡನೇ! ಕಳೆದುಹೋಯಿತೆಂದು ಬರೆದಿದ್ದರೆ ಬಹುಶಃ ಅಂದೇ ನಿಜ ತಿಳಿಯುತ್ತಿತ್ತು. ಆದರೆ ಇಲ್ಲದವರು ಉಳ್ಳವರ ಮುಂದೆ ಹಾಗೆ ಹೇಳುವುದು ಕಷ್ಟ. ಕಳ್ಳಿಯೆಂದು ಎಣಿಸಿಯಾರೆಂಬ ಅಳುಕು ಬೇರೆ.

ಹಾಗೆಂದು ಅಭಿಮಾನವನ್ನೇ ಬೈಯಲೂ ಆಗುವುದಿಲ್ಲ. ಮನೆಗೆಲಸದವಳನ್ನು ಬಿಡಿಸಿ, ಪಾತ್ರೆ ತಿಕ್ಕಿ, ನೀರು ಹೊತ್ತು, ಪೂರ್ತಿ ಸಾಲ ತೀರಿಸಿದ್ದೂ ಅದೇ ಅಭಿಮಾನ. ಕೊಟ್ಟದ್ದನ್ನು ಹಿಂದಿರುಗಿಸಬೇಕೆನ್ನುವುದು ಮಾನ. ನಮ್ಮ ಕೊರತೆ ಯಾರಿಗೂ ಕಾಣಬಾರದೆನ್ನುವುದು ಜಂಬ. ಒಂದೇ ಮೈಯಲ್ಲಿ ಎರಡೂ ಹೆಣೆದುಕೊಂಡಿರುವುದೇ ತೊಡಕು.

ಹಣ ನಿಜವಾಗಿ ಬಂದರೆ ತೊಡಕು ಬಿಚ್ಚೀತೇ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೀಳ್ಗತೆಯನ್ನು ನೋಡಿ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬೆಂಗಳೂರಿನ ಪುಟ್ಟ ಮನೆಯ ಸಂಸಾರ ದೊಡ್ಡ ಮನೆಗೆ ಹೋಗುತ್ತದೆ. ಅದರೊಂದಿಗೆ ಆ ಮನೆಯಲ್ಲಿ ಕೇಳಬಾರದ ಪ್ರಶ್ನೆಗಳೂ ಹೆಚ್ಚುತ್ತವೆ. ಇಲ್ಲದವರ ಮೌನ ಒಂದು ಬಗೆ, ಉಳ್ಳವರ ಮೌನ ಇನ್ನೊಂದು ಬಗೆ.

ಇನ್ನು ನಮ್ಮ ಮಾತಿಗೆ ಬರೋಣ. ರೆಸಿಡೆನ್ಸಿಗೆ ಬಂದ ಹೊಸದರಲ್ಲಿ ಒಂದು ಕೋಣೆಯಲ್ಲಿ ಮೂವರು ಮಲಗುತ್ತಾ, ಬೇರೆಯವರ ಕಾರಿಗೆ ಒರಗಿ ತೆಗೆಸಿದ ಫೋಟೋವನ್ನು ಊರಿಗೆ ಕಳಿಸಿದವರು ನಾವು. ಕಾರು ನಮ್ಮದೆಂದು ಬರೆಯಲಿಲ್ಲ, ಅಲ್ಲವೆಂದೂ ಬರೆಯಲಿಲ್ಲ. ಆ ಫೋಟೋ ನಂಬಿ ಅಪ್ಪ ತಂಗಿಯ ಮದುವೆಗೆ ಹಣ ಕೇಳಿದಾಗ, ಇಲ್ಲವೆನ್ನಲು ಬಾಯಿ ಬಾರದೆ ಕ್ರೆಡಿಟ್ ಕಾರ್ಡಿನ ಸಾಲ ಮಾಡಿ ಕಳಿಸಿದೆವು. ತೀರಿಸಲು ವರ್ಷಗಳೇ ಹಿಡಿದವು. ನಿಜ ತಿಳಿದಿದ್ದರೆ ಅಪ್ಪ ಕೇಳುತ್ತಲೇ ಇರಲಿಲ್ಲ.

ಕೆಲಸ ಹೋದ ಸುದ್ದಿಯನ್ನು ಯುಗಾದಿ ಊಟದಲ್ಲಿ ಹೇಳಲಾಗದೆ ಸಂಘಕ್ಕೆ ಬರುವುದನ್ನೇ ಬಿಟ್ಟವರನ್ನೂ ನಾವು ಬಲ್ಲೆವು. ತಿಂಗಳುಗಟ್ಟಲೆ ಯಾಕೆ ಬರಲಿಲ್ಲವೆಂದು ವಿಚಾರಿಸದೆ ಇದ್ದವರೂ ನಾವೇ. ಮೊಪಾಸಾನ ಕಥೆಯಲ್ಲಿ ಗೆಳತಿ, ಸರ ತಡವಾಗಿ ಬಂತೆಂದು ಮುಖ ಗಂಟಿಕ್ಕಿದಳೇ ಹೊರತು ಪೆಟ್ಟಿಗೆ ತೆರೆದು ನೋಡಲಿಲ್ಲ. ಹತ್ತು ವರ್ಷದ ಮೇಲೆ ಮಟಿಲ್ಡ್ ಎದುರಾದಾಗ ಅವಳಿಗೆ ಗುರುತೂ ಸಿಗಲಿಲ್ಲ. ತಪ್ಪು ಮುಚ್ಚಿಟ್ಟವಳದು ಮಾತ್ರವೇ?

ರೋಗಿ ನೋವನ್ನು ಮುಚ್ಚಿಟ್ಟರೆ ವೈದ್ಯ ಕೇಳಿ ತಿಳಿಯಬೇಕು. ಅದು ನಮ್ಮ ವೃತ್ತಿಯ ಮೊದಲ ಪಾಠ. ಮುಂದಿನ ಸಲ ಎಲ್ಲರೂ ಊಟಕ್ಕೆ ಕುಳಿತಾಗ, ಯಾರು ಬಂದಿಲ್ಲವೆಂದು ಒಮ್ಮೆ ನೋಡೋಣ. ಮನೆಗೆ ಹೋದ ಮೇಲೆ ಅವರಿಗೆ ಒಂದು ಫೋನು ಮಾಡೋಣ.