ರಕ್ಷೆಯ ದಾರ ಮತ್ತು ದೇವಿಯ ಕಾವಲು



ಬೆಟ್ಟ ಹತ್ತಿ ಬಂದು ದರ್ಶನ ಮಾಡಿದ ಭಕ್ತರು ಬರಿಗೈಯಲ್ಲಿ ಇಳಿದು ಹೋಗುವುದು ಕಡಿಮೆ. ಕುಂಕುಮ ಪ್ರಸಾದದ ಜೊತೆಗೆ ಕೈಗೊಂದು ದಾರ, ಮಗುವಿಗೊಂದು ತಾಯಿತ, ಹೊಸ ಗಾಡಿಗೊಂದು ನಿಂಬೆಹಣ್ಣು ಬೇಕೇ ಬೇಕು. "ಇದೆಲ್ಲಾ ಮೂಢನಂಬಿಕೆ" ಅಂತ ನಗುವವರೂ ಇದ್ದಾರೆ. "ದಾರ ಕಟ್ಟಿಸಿಕೊಂಡಾಯ್ತಲ್ಲ, ಇನ್ನೇನು ಭಯ" ಅಂತ ನಿಶ್ಚಿಂತೆಯಿಂದ ಮಲಗುವವರೂ ಇದ್ದಾರೆ. ಈ ಇಬ್ಬರೂ ಒಂದು ಗಳಿಗೆ ಕೂತು, ಹಿರಿಯರು ಈ ರಕ್ಷೆಗಳನ್ನು ಯಾತಕ್ಕಾಗಿ ಮಾಡಿಟ್ಟರು ಎಂಬುದನ್ನು ವಿಚಾರ ಮಾಡುವುದು ಒಳ್ಳೆಯದು.

ಕಬ್ಬಿಣ ಮತ್ತು ಲಕ್ಕಿ ಗಿಡ

ಮಲೆನಾಡಿನ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಅಡಿಯಲ್ಲಿ ಕತ್ತಿಯೋ, ಅಡಕತ್ತರಿಯೋ, ಅಂತೂ ಒಂದು ಕಬ್ಬಿಣದ ಚೂರು ಇಡುವುದು ರೂಢಿ. ಕಬ್ಬಿಣ ಕಂಡರೆ ಗಾಳಿ, ಪೀಡೆ ಹತ್ತಿರ ಸುಳಿಯುವುದಿಲ್ಲ ಎಂಬುದು ಹಳೆಯ ನಂಬಿಕೆ. ಬಾಗಿಲಿಗೆ ಕುದುರೆ ಲಾಳ ಹೊಡೆಯುವುದೂ ಇದೇ ಜಾತಿಯದು. ದೂರದ ಯುರೋಪಿನ ಹಳ್ಳಿಗಳ ಮನೆ ಬಾಗಿಲಲ್ಲೂ ಈ ಲಾಳ ಕಾಣುತ್ತದೆ. ಮನುಷ್ಯನ ಭಯ ಎಲ್ಲಾ ದೇಶದಲ್ಲೂ ಒಂದೇ ಅಲ್ಲವೇ?

1343 ಮೀಟರ್ ಎತ್ತರದ ಕೊಡಚಾದ್ರಿ ನಮ್ಮ ಹೊಸನಗರ ತಾಲ್ಲೂಕಿನ ಹೆಮ್ಮೆ. ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಒಂದು ಕಬ್ಬಿಣದ ಕಂಬವೇ ನಿಂತಿದೆ. ಮೂಕಾಸುರನನ್ನು ಸಂಹಾರ ಮಾಡಿದ ದೇವಿಯ ತ್ರಿಶೂಲ ಅದು ಎಂದು ಜನ ಕೈಮುಗಿಯುತ್ತಾರೆ.

ಇದೇ ತಾಲ್ಲೂಕಿನ ಹುಂಚಕ್ಕೂ ಒಂದು ಕಬ್ಬಿಣದ ಕಥೆ ಇದೆ. ಸಾಂತರ ಅರಸರ ಮೂಲಪುರುಷ ಜಿನದತ್ತರಾಯ ಪದ್ಮಾವತಿ ಅಮ್ಮನವರ ಮೂರ್ತಿಯನ್ನು ತೆಗೆದುಕೊಂಡು ಕುದುರೆ ಏರಿ ಬಂದನಂತೆ. ದಣಿದು ಒಂದು ಲಕ್ಕಿ ಗಿಡದ ನೆರಳಲ್ಲಿ ಮಲಗಿದನಂತೆ. ದೇವಿಯ ಮೂರ್ತಿಗೆ ಮುಟ್ಟಿಸಿದ ಕಬ್ಬಿಣ ಹೊನ್ನಾಗುತ್ತಿತ್ತು ಎಂದು ಐತಿಹ್ಯ. ಈ ಲಕ್ಕಿ ಇಂಗ್ಲಿಷಿನವರು ಹೇಳುವ ಲಕ್ಕಿ ಅಲ್ಲ, ಸೊಪ್ಪಿನ ಲಕ್ಕಿ! ಹಳ್ಳಿಯವರು ಹುಳು ಬಾರದಂತೆ ಕಾಳಿನ ಜೊತೆ ಇಡುವ, ಮೈಕೈ ನೋವಿಗೆ ಸ್ನಾನದ ನೀರಿಗೆ ಹಾಕುವ ಸೊಪ್ಪು ಇದೇ.

ಆದರೆ ಒಂದು ಮಾತು ಗಮನಿಸಬೇಕು. ಹೊನ್ನಾದ ಕಬ್ಬಿಣ ಇವತ್ತು ಎಲ್ಲೂ ಕಾಣುವುದಿಲ್ಲ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಮಾತ್ರ ಇಂದಿಗೂ ಕಣ್ಣ ಮುಂದೆ ನಿಂತಿದೆ. ದೇವಿಯ ಕೃಪೆ ಕೈಗೆ ಬಂದಾಗ ಅದಕ್ಕೆ ಮನುಷ್ಯನ ದುಡಿಮೆಯೂ ಸೇರಿದರೆ ಸಾವಿರ ವರ್ಷ ನಿಲ್ಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾವಲು ಎರಡೂ ಕಡೆಗೆ

ಸಾಗರ ತಾಲ್ಲೂಕಿನ ಸಿಗಂದೂರಿಗೆ ಮೊದಲು ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಆ ಕ್ಷೇತ್ರಕ್ಕೆ ಹೋಗದವರೂ ಅಲ್ಲಿನ ಬೋರ್ಡನ್ನು ನೋಡಿರುತ್ತಾರೆ. ಅಡಿಕೆ ತೋಟದ ಬೇಲಿ, ಗದ್ದೆಯ ಪಂಪ್‌ಸೆಟ್, ಮನೆ, ಅಂಗಡಿ, ಎಲ್ಲಿ ನೋಡಿದರೂ ಚೌಡೇಶ್ವರಿ ದೇವಿಯ ಕಾವಲಿದೆ ಎಂಬ ಬರಹ. ಬೀಗಕ್ಕೆ ಹೆದರದ ಕಳ್ಳ ಆ ಬೋರ್ಡಿಗೆ ಹೆದರುತ್ತಾನೆ ಎಂದು ಜನರ ನಂಬಿಕೆ.

ಸರಿ, ಕಾವಲು ಕಳ್ಳನ ಮೇಲೆ ಮಾತ್ರವೇ? ಬೇಲಿಯ ಹೊರಗೆ ನೋಡುವ ದೇವಿಯ ಕಣ್ಣು ಬೇಲಿಯ ಒಳಗೆ ನೋಡುವುದಿಲ್ಲವೇ? ಪಕ್ಕದವನ ಜಾಗಕ್ಕೆ ಎರಡು ಅಡಿ ಬೇಲಿ ಸರಿಸಿ, ಅದೇ ಬೇಲಿಗೆ ದೇವಿಯ ಹೆಸರು ಕಟ್ಟಿದರೆ ಆ ಕಾವಲು ಯಾರ ಮೇಲಾಯಿತು? ತೂಕದಲ್ಲಿ ಮೋಸ ಮಾಡುವ ಅಂಗಡಿಯಲ್ಲಿ ತಕ್ಕಡಿಯ ಮೇಲೆ ದೇವಿಯ ಪಟ ಇಟ್ಟರೆ, ಅಮ್ಮನವರು ಮೊದಲು ನೋಡುವುದು ತಕ್ಕಡಿಯನ್ನೇ. ದೇವರನ್ನು ಕಾವಲಿಗೆ ಕರೆದವನು ತನ್ನ ನಡತೆಯನ್ನೂ ಆ ಕಾವಲಿಗೆ ಒಪ್ಪಿಸಿದಂತೆ.

ಕಂಕಣದ ಅರ್ಥ

ಮದುವೆಯಲ್ಲಿ, ವ್ರತದಲ್ಲಿ, ಜಾತ್ರೆಯಲ್ಲಿ ಕಂಕಣ ಕಟ್ಟುತ್ತಾರೆ. ಕಂಕಣ ಕಟ್ಟಿಸಿಕೊಂಡವರು ಕಾರ್ಯ ಮುಗಿಯುವವರೆಗೆ ಊರು ಬಿಟ್ಟು ಹೋಗುವಂತಿಲ್ಲ, ನಿಯಮ ತಪ್ಪುವಂತಿಲ್ಲ. ಅದಕ್ಕೇ ಹಟ ಹಿಡಿದು ಒಳ್ಳೆಯ ಕೆಲಸಕ್ಕೆ ನಿಂತವನನ್ನು "ಕಂಕಣ ಕಟ್ಟಿ ನಿಂತಿದ್ದಾನೆ" ಅನ್ನುವುದು. ದಾರ ಕಟ್ಟಿದ್ದು ದೇವರ ಕೈಗಲ್ಲ, ನಮ್ಮ ಕೈಗೆ. ಕಟ್ಟು ಬಿದ್ದದ್ದು ನಮಗೆ. ಇದೊಂದು ತಿಳಿದರೆ ರಕ್ಷೆಯ ಗುಟ್ಟೆಲ್ಲಾ ತಿಳಿದಂತೆ.

ಇದಕ್ಕೊಂದು ದೃಷ್ಟಾಂತ ಹೇಳುವುದುಂಟು. ಒಬ್ಬ ರೈತ ಬೇಸಿಗೆಯಲ್ಲಿ ಮಗನನ್ನು ಹೆಗಲ ಮೇಲೆ ಹೊತ್ತು ದೇವಸ್ಥಾನಕ್ಕೆ ಬಂದ. ಹುಡುಗ ಕಾಡಿಗೆ ತರಗೆಲೆ ತರಲು ಹೋಗಿದ್ದ, ಮೂರು ದಿನದಿಂದ ಜ್ವರ, ಮೈಕೈ ನೋವು.

"ಭಟ್ರೇ, ಒಂದು ದಾರ ಮಂತ್ರಿಸಿ ಕೊಡಿ, ಜ್ವರ ಇಳೀಲಿ" ಅಂದ.

ಭಟ್ಟರು ಪ್ರಾರ್ಥನೆ ಮಾಡಿ ದಾರ ಕಟ್ಟಿದರು. "ಇನ್ನು ಈಗಿಂದೀಗಲೇ ಆಸ್ಪತ್ರೆಗೆ ಹೋಗು" ಅಂದರು.

"ಹಂಗಾದ್ರೆ ದಾರದಲ್ಲಿ ಶಕ್ತಿ ಇಲ್ವಾ ಭಟ್ರೇ?"

"ದಾರ ಕಟ್ಟಿದ್ದು ನೀನು ಹೆದರದೆ ಆಸ್ಪತ್ರೆಗೆ ಹೋಗ್ಲಿ ಅಂತ ಮಾರಾಯ, ಹೋಗದೇ ಇರ್ಲಿ ಅಂತಲ್ಲ!"

ಈ ಮಾತನ್ನು ಮಲೆನಾಡಿನವರು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಜೀವ ತೆಗೆಯಿತು. ಕಾಡಿನ ಉಣುಗು ಕಚ್ಚಿ ಬರುವ ಕಾಯಿಲೆ ಅದು. ಮಂಗ ಸತ್ತದ್ದು ಕಂಡರೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು, ಕಾಡಿಗೆ ಹೋಗುವಾಗ ಮೈತುಂಬಾ ಬಟ್ಟೆ ಹಾಕಬೇಕು, ಜ್ವರ ಬಂದರೆ ತಡ ಮಾಡಬಾರದು. ಹಾವು ಕಚ್ಚಿದಾಗಲೂ ಅಷ್ಟೇ. ವಿಷಕ್ಕೆ ಮದ್ದು ಆಸ್ಪತ್ರೆಯ ಇಂಜೆಕ್ಷನ್. ಮಂತ್ರ ಹಾಕಿಸಲು ಊರೂರು ತಿರುಗಿದರೆ ಕಳೆದುಹೋದ ಹೊತ್ತನ್ನು ಯಾವ ತಾಯಿತವೂ ತಂದುಕೊಡುವುದಿಲ್ಲ. ಹಾವು ಕಚ್ಚಿದವರನ್ನು ವೈದ್ಯರ ಹತ್ತಿರ ಹೋಗದಂತೆ ತಡೆದು ಬರೀ ಮಂತ್ರ ಮಾಡುವುದು, 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾನೂನಿನ ಪ್ರಕಾರ ಅಪರಾಧವೂ ಹೌದು. ವೈದ್ಯರ ಕೈಯಲ್ಲೂ ದೇವರೇ ಇದ್ದಾನೆ ಎಂದು ತಿಳಿಯುವುದು ಭಕ್ತಿಗೆ ಕಡಿಮೆಯಲ್ಲ.

ಆದ್ದರಿಂದ ದಾರ ಕಟ್ಟಿಕೊಳ್ಳಿ, ಸಂತೋಷ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡಿ, ಅದು ಅಜ್ಜಿಯ ಪ್ರೀತಿ. ಗಾಡಿಗೆ ನಿಂಬೆಹಣ್ಣು ಕಟ್ಟಿ, ಜೊತೆಗೆ ಬ್ರೇಕನ್ನೂ ಒಮ್ಮೆ ನೋಡಿಸಿ, ಘಾಟಿಯಲ್ಲಿ ನಿಧಾನವಾಗಿ ಇಳಿಯಿರಿ. ಆದರೆ ಅದೃಷ್ಟ ಬರುತ್ತದೆಂದು ಹೆದರಿಸಿ ಸಾವಿರಗಟ್ಟಲೆ ಹಣ ಕೇಳುವವರ ಮಾತಿಗೆ ಮರುಳಾಗಬೇಡಿ. ಅಮ್ಮನ ಕೃಪೆಗೆ ರೇಟು ಇಲ್ಲ.

ಕೈಯಲ್ಲಿರುವ ದಾರ ನಾಲ್ಕು ದಿನಕ್ಕೆ ಬಣ್ಣ ಬಿಡುತ್ತದೆ, ನೀರಿಗೆ ನೆನೆದು ಸವೆದು ಬೀಳುತ್ತದೆ. ಅದು ಬಿದ್ದ ಮೇಲೂ ಅದನ್ನು ಕಟ್ಟಿಸಿಕೊಂಡಾಗ ಮಾಡಿದ ಸಂಕಲ್ಪ ಉಳಿದರೆ ರಕ್ಷೆ ಉಳಿಯಿತು. ಜಗನ್ಮಾತೆ ಸಕಲ ಭಕ್ತರಿಗೂ ಆಯುರಾರೋಗ್ಯ, ಸದ್ಬುದ್ಧಿ ಕೊಟ್ಟು ಕಾಪಾಡಲಿ.

ಶುಭಮಸ್ತು.