ಸಂಗ್ರಹವೂ ದಾಸೋಹವೂ

ಚೆಲುವೆಯರ ಚಿತ್ರಗಳನ್ನು ಕೂಡಿಡುವುದು ದೋಷವೇ? ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ನಡುಮನೆಯಲ್ಲಿ ರವಿವರ್ಮನ ಶಕುಂತಲೆ, ದಮಯಂತಿಯರ ಅಚ್ಚುಚಿತ್ರಗಳು ಶೋಭಿಸುತ್ತಿದ್ದವು. ಜಪಾನಿನ ಉತಾಮಾರೋ ಬರೆದ ಸುಂದರಿಯರಿಗಾಗಿ ಬಣ್ಣಬಣ್ಣಕ್ಕೂ ಬೇರೆ ಮರದ ಹಲಗೆಯನ್ನು ಕೆತ್ತುತ್ತಿದ್ದಂತೆಯೇ, 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಲ್ಲಿ ಬಣ್ಣಬಣ್ಣಕ್ಕೂ ಬೇರೆ ಕಲ್ಲಚ್ಚು ಸಿದ್ಧವಾಗುತ್ತಿತ್ತು. ಅರಮನೆಯ ಭಿತ್ತಿಗೆ ಮೀಸಲಾಗಿದ್ದ ಚೆಲುವು ಸಾಮಾನ್ಯರ ಮನೆಗೂ ಬರಲೆಂದು ಎಷ್ಟೋ ಕೈಗಳು ದುಡಿದವು. ಇಂದು ಆ ಮನೆಗಳು ಉರುಳಿದಂತೆಲ್ಲ ಚಿತ್ರಗಳು ಸಂಗ್ರಾಹಕರ ಪೆಟ್ಟಿಗೆಯನ್ನು ಸೇರುತ್ತಿವೆ.

ಮಾಯೆಗೆ ನೆಲೆ ವಸ್ತುವಲ್ಲ, ಮನಸ್ಸಿನ ಬಯಕೆ ಎಂಬುದು ಅಲ್ಲಮಪ್ರಭುದೇವರ ಬೋಧೆ. ಆದುದರಿಂದ ಚಿತ್ರದ ಹೆಣ್ಣು ನಿರ್ದೋಷಿ. ಬೆಳಕಿಗೆ ಬಣ್ಣ ಮಾಸುವ ಕಾಗದವನ್ನು ಮುಚ್ಚಿಡುವುದೂ ಯುಕ್ತವೇ. ಆದರೆ ‘ನನಗೊಬ್ಬನಿಗೇ’ ಎಂದು ಹಾಕಿದ ಬೀಗವು ದುಡಿದ ಕೈಗಳಿಗೆ ಬಗೆದ ದ್ರೋಹ. ಕಾಪಾಡಿ, ಬಂದವರಿಗೆ ತೆರೆದು ತೋರುವವನ ಸಂಗ್ರಹವೇ ದಾಸೋಹ.