ನೆರಳು ಯಾರ ಸೊತ್ತು?

ಎಗ್ಮೋರಿನಿಂದ ಬೀಚ್ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಮೊದಲು ಸಿಗುವ ನಿಲ್ದಾಣದ ಹೆಸರು ‘ಪಾರ್ಕ್’. ಇಳಿದು ನೋಡಿದರೆ ಉದ್ಯಾನವೆಲ್ಲಿದೆ? ಸರ್ ಚಾರ್ಲ್ಸ್ ಟ್ರೆವೆಲ್ಯನ್ 1859-60ರಲ್ಲಿ ಮದರಾಸಿನ ಗವರ್ನರಾಗಿದ್ದಾಗ ಜನರಿಗೆಂದೇ ರೂಪುಗೊಂಡ ಪೀಪಲ್ಸ್ ಪಾರ್ಕ್ ನೂರು ಎಕರೆಗೂ ಮಿಗಿಲಾಗಿತ್ತು. ಆಮೇಲೆ ಮಾರುಕಟ್ಟೆ, 1913ರಲ್ಲಿ ರಿಪ್ಪನ್ ಕಟ್ಟಡ, ಕ್ರೀಡಾಂಗಣ ಹೀಗೆ ಒಂದೊಂದೇ ಬಂದು ಕುಳಿತವು. ಎಲ್ಲವೂ ಸಾರ್ವಜನಿಕರ ಉಪಯೋಗಕ್ಕೇ ಬಂದವು. ಕದ್ದವರು ಯಾರೂ ಇಲ್ಲ, ಸೊತ್ತು ಮಾತ್ರ ಹೋಯಿತು.

ಹಾಗಾದರೆ ಎಲ್ಲರದ್ದು ಎಂದರೆ ಯಾರದ್ದೂ ಅಲ್ಲವೆಂದೇ? 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಹೆಚ್ಚುಕಡಿಮೆ ಹೀಗೆಯೇ ವಾದಿಸಿದ್ದರು: ಸಾಮೂಹಿಕ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯದು. ಇದಕ್ಕೆ ಎದುರು ನಿಂತವರು ಎಲಿನಾರ್ ಆಸ್ಟ್ರಮ್. ಜನರು ತಾವೇ ಕಟ್ಟುಪಾಡು ಮಾಡಿಕೊಂಡು ಕಾಡು, ನೀರು ಕಾಯಬಲ್ಲರೆಂದು ತೋರಿಸಿದ ಆಕೆಗೆ 2009ರಲ್ಲಿ ನೊಬೆಲ್ ಬಂತು. ನಮ್ಮ ಹಳ್ಳಿಗಳ ಗುಂಡುತೋಪು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಾವು, ಹಲಸು, ಹುಣಸೆ, ದಾರಿಹೋಕನಿಗೂ ನೆರಳು.

ಆಸ್ಟ್ರಮ್ ಜೊತೆ ಕೆಲಸ ಮಾಡಿದ ಹರಿಣಿ ನಾಗೇಂದ್ರ ಅವರು ಮೊದಲು ಪಶ್ಚಿಮ ಘಟ್ಟದ ಕಾಡುಗಳನ್ನು ಅಧ್ಯಯನ ಮಾಡಿದವರು. ಬಳಿಕ ಬೆಂಗಳೂರಿನ ಕೆರೆ, ಬೀದಿಮರ, ಕೊಳೆಗೇರಿಗಳ ಗಿಡಗಳತ್ತ ತಿರುಗಿದರು. ಬೀದಿಮರ ಎಣಿಸುವುದೂ ಒಂದು ವಿದ್ಯೆಯೇ ಎಂದು ನಾನು ಬಿ.ಎಸ್ಸಿ. ಓದುವಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅಂಥ ಅಧ್ಯಯನ ಬರಿಯ ಎಣಿಕೆಯಲ್ಲ. ಮರದ ಕೆಳಗೆ ಕೂತು ಹೂ ಕಟ್ಟುವವಳು, ಅಡುಗೆ ಮಾಡುವವಳು ಯಾರು ಎಂದೂ ಅದು ಕೇಳುತ್ತದೆ.

ನಾನು ಕೇಳಲಿಲ್ಲ. ನಮ್ಮ ಬೀದಿಯಲ್ಲೊಂದು ಹೊಂಗೆ ಮರವಿತ್ತು, ಇಲ್ಲಿಯವರ ಬಾಯಲ್ಲಿ ‘ಪುಂಗೈ’. ಕಾರು ನಿಲ್ಲಿಸಲು ಅಡ್ಡವೆಂದು ನೆರೆಯವರು ಸೇರಿ ಕಡಿಸಲು ಅರ್ಜಿ ಹಾಕಿದರು. ಕರಡು ಬರೆದವನು ನಾನು. ಗುಮಾಸ್ತನಲ್ಲವೇ, ಕೈಗೆ ಅಭ್ಯಾಸ! ಬೇರು ನುಗ್ಗಿ ಕಾಂಪೌಂಡ್ ಬಿರುಕು ಬಿಟ್ಟಿದೆ ಎಂದು ಸಸ್ಯಶಾಸ್ತ್ರದ ಭಾಷೆಯಲ್ಲೇ ಬರೆದೆ. ಬಿರುಕು ಹಳೆಯದೆಂದು ನನಗೆ ಗೊತ್ತಿತ್ತು. ಬಾಡಿಗೆದಾರ, ಪರಊರಿನವನು, ನನಗೇಕೆ ಊರ ಉಸಾಬರಿ ಎಂದುಕೊಂಡೆ. ಉಸಾಬರಿ ಬೇಡವೆನ್ನುವವನು ಅರ್ಜಿಯನ್ನೇಕೆ ಬರೆಯಬೇಕಿತ್ತು?

ಆ ಮರದಡಿ ಇಸ್ತ್ರಿಯವನ ಬಂಡಿ ನಿಲ್ಲುತ್ತಿತ್ತು. ಅರ್ಜಿಯಲ್ಲಿ ಅವನ ಹೆಸರಿಲ್ಲ, ಅವನನ್ನು ಯಾರೂ ಕೇಳಲೂ ಇಲ್ಲ. ಈಗ ಅವನು ಎದುರು ಗೋಡೆಯ ಪಕ್ಕದಲ್ಲಿದ್ದಾನೆ. ಹನ್ನೊಂದು ಗಂಟೆಯವರೆಗಷ್ಟೇ ಅಲ್ಲಿ ನೆರಳು. ಬಟ್ಟೆ ಕೊಡಲು ನಾನು ಮಗನನ್ನು ಕಳಿಸುತ್ತೇನೆ.